ಗೆರೆಯಾಚೆ ನಿಂತವರನ್ನೂ ಓದು

ರಾಜ್ಯಶಾಸ್ತ್ರ ಓದಲು ಹೊರಟಿದ್ದೀಯ. ಉದಾರವಾದದ ಚಿಂತಕರು ಸಾಲುಗಟ್ಟಿ ನಿನ್ನೆದುರು ಬರುತ್ತಾರೆ. ಲಾಕ್ ಎಂದರೆ ಒಪ್ಪಂದ, ಮಾಂಟೆಸ್ಕ್ಯೂ ಎಂದರೆ ಅಧಿಕಾರ ವಿಭಜನೆ, ಮಿಲ್ ಎಂದರೆ ಸ್ವಾತಂತ್ರ್ಯ, ರಾಲ್ಸ್ ಎಂದರೆ ನ್ಯಾಯ. ಹೀಗೆ ಐದು ಅಂಕದ ಟಿಪ್ಪಣಿಗಳಾಗಿ ಅವರನ್ನು ನಿನ್ನ ಕೈಗೆ ಕೊಡುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು, ಬದುಕಿಗೆ ಸಾಲದು. ಈ ಪಾಠವನ್ನು ಬಹುಕಾಲ ಹೇಳಿಕೊಟ್ಟವನಾಗಿ ನನ್ನದೊಂದು ಮಾತು ಕೇಳು. ಇವರಲ್ಲಿ ಯಾರನ್ನೇ ಓದುವಾಗಲೂ ಎರಡು ಪ್ರಶ್ನೆಗಳನ್ನು ಪಕ್ಕದಲ್ಲಿಟ್ಟುಕೋ. ಈತ ಯಾವುದಕ್ಕೆ ಹೆದರಿದ್ದ? ಈತ ಯಾರನ್ನು ಲೆಕ್ಕಕ್ಕೆ ಸೇರಿಸಲಿಲ್ಲ? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ವಿಚಾರ ಏಕೆ ಹುಟ್ಟಿತೆಂದು ತಿಳಿಯುತ್ತದೆ. ಎರಡನೆಯದಕ್ಕೆ ಸಿಕ್ಕರೆ ಅದನ್ನು ಮುಂದಕ್ಕೆ ಒಯ್ದವರು ಯಾರೆಂದು ತಿಳಿಯುತ್ತದೆ.

ಲಾಕ್‌ನಿಂದ ಶುರುಮಾಡೋಣ. 1683ರ ಇಂಗ್ಲೆಂಡ್. ಎರಡನೆಯ ಚಾರ್ಲ್ಸ್ ದೊರೆ. ರಾಜನ ಅಧಿಕಾರ ಆದಮನ ಕಾಲದಿಂದ ತಂದೆಯ ಹಕ್ಕಾಗಿ ಇಳಿದುಬಂದದ್ದು, ಅದನ್ನು ಪ್ರಶ್ನಿಸುವಂತಿಲ್ಲ ಎನ್ನುವ ರಾಬರ್ಟ್ ಫಿಲ್ಮರನ ಪುಸ್ತಕ ಮೂರು ವರ್ಷದ ಹಿಂದಷ್ಟೇ ಅಚ್ಚಾಗಿತ್ತು. ಅದನ್ನು ಖಂಡಿಸಿ ಆಲ್ಜರ್ನನ್ ಸಿಡ್ನಿ ಎಂಬಾತ ತನ್ನ ಕೋಣೆಯಲ್ಲಿ ಕುಳಿತು ಬರೆದಿಟ್ಟಿದ್ದ. ಬರೆದದ್ದು ಅಚ್ಚಾಗಿರಲಿಲ್ಲ. ರಾಜದ್ರೋಹದ ಆರೋಪ ಹೊರಿಸಿ ಅವನನ್ನು ಹಿಡಿದರು. ಕಾನೂನಿನ ಪ್ರಕಾರ ಇಬ್ಬರು ಸಾಕ್ಷಿಗಳು ಬೇಕಿತ್ತು, ಸಿಕ್ಕಿದ್ದು ಒಬ್ಬನೇ. ಎರಡನೆಯ ಸಾಕ್ಷಿಯ ಜಾಗದಲ್ಲಿ ಅವನ ಹಸ್ತಪ್ರತಿಯನ್ನೇ ತಂದಿಟ್ಟರು, ನ್ಯಾಯಾಲಯ ಒಪ್ಪಿತು. ಆ ಡಿಸೆಂಬರಿನಲ್ಲಿ ಅವನ ತಲೆ ಕಡಿದರು.

ಜಾನ್ ಲಾಕ್ ಆ ಹೊತ್ತಿಗೆ ಹಾಲೆಂಡಿಗೆ ತಪ್ಪಿಸಿಕೊಂಡು ಹೋಗಿದ್ದ. ಅವನು ಬರೆದ ‘ಸರ್ಕಾರದ ಕುರಿತ ಎರಡು ಪ್ರಬಂಧಗಳು’ ಕೂಡ ಅದೇ ಫಿಲ್ಮರನನ್ನು ಎದುರಿಸುವ ಪುಸ್ತಕವೇ. 1688ರ ಕ್ರಾಂತಿಯಲ್ಲಿ, ಚಾರ್ಲ್ಸ್‌ನ ನಂತರ ಬಂದ ರಾಜ ಓಡಿಹೋದ ಮೇಲೆ, ಮರುವರ್ಷ ಅದು ಅಚ್ಚಾಯಿತು. ಆಗಲೂ ಲೇಖಕನ ಹೆಸರು ಇರಲಿಲ್ಲ. ಅದು ತನ್ನದೆಂದು ಲಾಕ್ ಒಪ್ಪಿಕೊಂಡದ್ದು 1704ರಲ್ಲಿ, ಸಾಯುವ ಮುನ್ನ ಉಯಿಲಿಗೆ ಸೇರಿಸಿದ ಬರಹದಲ್ಲಿ. ಇದನ್ನು ತಿಳಿದುಕೊಂಡು ಅವನ ವಾದವನ್ನು ಓದು. ಸರ್ಕಾರ ಹುಟ್ಟಿದ್ದು ಜನರ ಒಪ್ಪಿಗೆಯಿಂದ. ಜೀವ, ಸ್ವಾತಂತ್ರ್ಯ, ಆಸ್ತಿಗಳನ್ನು ಕಾಪಾಡಲೆಂದು ಜನ ಅದಕ್ಕೆ ಅಧಿಕಾರವನ್ನು ನಂಬಿಕೆಯ ಮೇಲೆ ಕೊಟ್ಟಿದ್ದಾರೆ. ಆಳುವವರು ಆ ನಂಬಿಕೆಯನ್ನು ಮುರಿದರೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಹಕ್ಕು ಕೊಟ್ಟವರಿಗೆ ಇದೆ. ಟಿಪ್ಪಣಿಯಲ್ಲಿ ಇದು ಸಪ್ಪೆಯಾಗಿ ಕಾಣುತ್ತದೆ. ಬರೆದಿಟ್ಟ ಹಾಳೆಯೇ ಕೊರಳಿಗೆ ಬರುತ್ತಿದ್ದ ಕಾಲದಲ್ಲಿ ಇದನ್ನು ಬರೆದರು ಎಂಬುದು ನೆನಪಿದ್ದರೆ ಸಪ್ಪೆ ಎನಿಸುವುದಿಲ್ಲ.

ಧರ್ಮಸಹಿಷ್ಣುತೆಯ ಬಗ್ಗೆ ಅವನು ಬರೆದ ಪತ್ರ ಇನ್ನೂ ಹತ್ತಿರದ್ದು. ಸರ್ಕಾರದ ಕೈಯಲ್ಲಿರುವುದು ಬಲ. ಬಲದಿಂದ ಮನುಷ್ಯನ ಹೊರಗಿನ ನಡೆಯನ್ನು ಬಗ್ಗಿಸಬಹುದು, ಒಳಗಿನ ನಂಬಿಕೆಯನ್ನು ಬದಲಿಸಲಾಗದು. ಆದ್ದರಿಂದ ಯಾರ ಆತ್ಮದ ಉದ್ಧಾರವೂ ಸರ್ಕಾರದ ಕೆಲಸವಲ್ಲ. ಎಷ್ಟು ನೇರವಾದ ವಾದ ನೋಡು! ಆದರೆ ಅದೇ ಪತ್ರದ ಕೊನೆಯ ಭಾಗದಲ್ಲಿ ನಾಸ್ತಿಕರಿಗೆ ಸಹಿಷ್ಣುತೆ ಸಲ್ಲದು ಎನ್ನುತ್ತಾನೆ. ಪರದೇಶದ ಒಡೆಯನಿಗೆ ನಿಷ್ಠರಾದ ಮತದವರಿಗೂ ಇಲ್ಲ ಎಂದಾಗ ಅವನ ಮನಸ್ಸಿನಲ್ಲಿದ್ದವರು ಕ್ಯಾಥೊಲಿಕರು ಎಂದು ಬಹಳ ಮಂದಿ ಓದುತ್ತಾರೆ. ಇನ್ನೂ ಕಠಿಣವಾದದ್ದು ಇದೆ. ಅಮೆರಿಕದ ಕ್ಯಾರೊಲಿನಾ ವಸಾಹತಿನ ಒಡೆಯರಿಗೆ ಕಾರ್ಯದರ್ಶಿಯಾಗಿದ್ದ ಲಾಕ್‌ಗೆ ಅಲ್ಲಿನ 1669ರ ಮೂಲಸಂವಿಧಾನ ರೂಪಿಸುವುದರಲ್ಲಿ ಕೈಯಿತ್ತು. ಕಪ್ಪು ಗುಲಾಮರ ಮೇಲೆ ಒಡೆಯನಿಗೆ ಪೂರ್ಣ ಅಧಿಕಾರ ಕೊಟ್ಟ ಕಲಮು ಅದರಲ್ಲಿತ್ತು. ಗುಲಾಮರ ವ್ಯಾಪಾರ ಮಾಡುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಅವನ ಹಣವೂ ಇತ್ತು.

ಇಲ್ಲಿ ಇಬ್ಬಗೆಯ ಓದುಗರು ನಿನಗೆ ಸಿಗುತ್ತಾರೆ. ಒಬ್ಬರು ಈ ಭಾಗವನ್ನು ಮುಚ್ಚಿಟ್ಟು ಲಾಕ್‌ಗೆ ಹಾರ ಹಾಕುತ್ತಾರೆ. ಇನ್ನೊಬ್ಬರು ಇದನ್ನೇ ಹಿಡಿದು ಇಡೀ ವಿಚಾರವನ್ನೇ ತಿಪ್ಪೆಗೆಸೆಯುತ್ತಾರೆ. ಎರಡನ್ನೂ ಮಾಡಬೇಡ. ಅವನು ಎಳೆದ ಗೆರೆ ಎಲ್ಲಿದೆ ಎಂದು ಬೆರಳಿಟ್ಟು ಗುರುತಿಸಿಕೊಂಡು ಮುಂದೆ ಓದು. ಆ ಗೆರೆಯಾಚೆ ನಿಂತವರು ಅವನದೇ ವಾದವನ್ನು ಕೈಗೆತ್ತಿಕೊಂಡು ಒಳಗೆ ಬಂದ ಕಥೆಯೇ ಉದಾರವಾದದ ನಿಜವಾದ ಚರಿತ್ರೆ ಎಂದು ನಾನು ನಂಬಿದ್ದೇನೆ.

ಮಾಂಟೆಸ್ಕ್ಯೂನ 1748ರ ‘ಕಾನೂನುಗಳ ಅಂತಃಸತ್ವ’ ದೊಡ್ಡ ಪುಸ್ತಕ. ಹವಾಮಾನ, ವ್ಯಾಪಾರ, ದೇಶದೇಶಗಳ ನಡಾವಳಿ ಎಲ್ಲ ಅದರೊಳಗಿದೆ, ಈಗ ಒಪ್ಪಲಾಗದ್ದೂ ಸಾಕಷ್ಟಿದೆ. ನಿನಗೆ ಮುಖ್ಯವಾದದ್ದು ಒಂದು: ಕಾನೂನು ಮಾಡುವವರು, ಅದನ್ನು ನಡೆಸುವವರು, ತೀರ್ಪು ಕೊಡುವವರು ಒಂದೇ ಕೈಯಾಗಬಾರದು. ಆಳುವವರು ಒಳ್ಳೆಯವರಾಗಿದ್ದರೆ ಇದೆಲ್ಲ ಏಕೆ ಎಂದು ಕೇಳುವವರು ನಿನ್ನ ಸುತ್ತಲೇ ಇದ್ದಾರೆ. ನೀರು ಎಷ್ಟೇ ಸಿಹಿಯಾಗಿರಲಿ, ಕೆರೆಗೆ ಕೋಡಿ ಇರಲೇಬೇಕು ಎಂದು ಅವರಿಗೆ ಹೇಳು. ಆ್ಯಡಮ್ ಸ್ಮಿತ್‌ನನ್ನು ಓದುವಾಗಲೂ ಹೀಗೆಯೇ. ಅವನನ್ನು ವ್ಯಾಪಾರಿಗಳ ವಕೀಲನೆಂದು ನಿನಗೆ ಪರಿಚಯಿಸಿದ್ದಾರು. 1776ರ ಅವನ ಪುಸ್ತಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಗ್ಗೆ ಬರೆದದ್ದನ್ನು ಹುಡುಕಿ ಓದು. ಬಂಗಾಳದ 1770ರ ಕ್ಷಾಮ ಆಗಿ ಕೆಲವೇ ವರ್ಷವಾಗಿತ್ತು. ವ್ಯಾಪಾರದ ಏಕಸ್ವಾಮ್ಯ ಇರುವವರ ಕೈಗೆ ಒಂದು ದೇಶದ ಆಡಳಿತವನ್ನೂ ಕೊಟ್ಟರೆ ಅದಕ್ಕಿಂತ ಕೆಟ್ಟ ಸರ್ಕಾರ ಇರಲಾರದು ಎಂಬುದು ಅವನ ತೀರ್ಮಾನವಾಗಿತ್ತು.

ಫ್ರಾನ್ಸಿನ ಕ್ರಾಂತಿ ‘ಮನುಷ್ಯನ ಹಕ್ಕು’ಗಳನ್ನು ಸಾರಿದಾಗ ಗೆರೆಯಾಚೆಯಿಂದ ಮೊದಲ ದನಿ ಕೇಳಿಸಿತು. ಹೆಣ್ಣುಮಕ್ಕಳಿಗೆ ಮನೆವಾರ್ತೆಯ ಶಿಕ್ಷಣ ಸಾಕೆಂಬ ಯೋಜನೆಯನ್ನು ಅಲ್ಲಿನ ರಾಜಕಾರಣಿ ತ್ಯಾಲೆರಾಂ ಮುಂದಿಟ್ಟಿದ್ದ. ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಹೆಣ್ಣಿನ ಹಕ್ಕುಗಳ ಸಮರ್ಥನೆ ಬರೆದು, ಅದನ್ನು ಅವನಿಗೇ ಅರ್ಪಿಸಿದಳು. ರಾಜನಿಗೆ ದೈವದತ್ತ ಅಧಿಕಾರ ಇಲ್ಲವೆಂದಾದರೆ ಗಂಡನಿಗೆ ಮಾತ್ರ ಎಲ್ಲಿಂದ ಬಂತು ಎಂಬುದು ಆಕೆಯ ಪ್ರಶ್ನೆಯ ತಿರುಳು. ಫಿಲ್ಮರನ ವಿರುದ್ಧ ಲಾಕ್ ಹೂಡಿದ ವಾದವನ್ನೇ ಆಕೆ ಅಡುಗೆಮನೆಯ ಬಾಗಿಲಿಗೆ ತಂದು ನಿಲ್ಲಿಸಿದ್ದಳು. ಪ್ಯಾರಿಸ್ಸಿನಲ್ಲಿ ಅದೇ ಮಾತನ್ನು ಆಡಿದ್ದ ಒಲ್ಯಾಂಪ್ ದ ಗೂಜ್ 1793ರ ನವೆಂಬರಿನಲ್ಲಿ ಗಿಲೊಟಿನ್ನಿಗೆ ಹೋದಳು. ಹಕ್ಕುಗಳನ್ನು ಸಾರಿದ ಕ್ರಾಂತಿಯ ಸರ್ಕಾರವೇ ಆಕೆಯನ್ನು ಕೊಂದಿತು ಎಂಬುದನ್ನು ಮರೆಯಬೇಡ. ಜನರ ಹೆಸರಿನಲ್ಲಿ ಬಂದ ಅಧಿಕಾರಕ್ಕೂ ಮಿತಿ ಬೇಕು ಎಂಬ ಅರಿವು ಬೆಂಜಮಿನ್ ಕಾನ್‌ಸ್ಟಂಟ್, ತೋಕ್‌ವಿಲ್ ಮುಂತಾದವರಲ್ಲಿ ಗಟ್ಟಿಯಾದದ್ದು ಇಂಥ ಸಾವುಗಳ ನೆರಳಿನಲ್ಲಿ.

ಈಗ ಮಿಲ್. ಇಲ್ಲಿ ನೀನು ನಿಧಾನಿಸಬೇಕು.

ಜಾನ್ ಸ್ಟುವರ್ಟ್ ಮಿಲ್‌ನ ‘ಸ್ವಾತಂತ್ರ್ಯ’ 1859ರಲ್ಲಿ ಬಂತು. ಹೆಂಡತಿ ಹ್ಯಾರಿಯೆಟ್ ಟೇಲರ್ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದಳು. ಪುಸ್ತಕವನ್ನು ಆಕೆಯ ನೆನಪಿಗೆ ಅರ್ಪಿಸಿ, ಇದು ಇಬ್ಬರ ಕೆಲಸ ಎಂದು ಅವನು ಹೇಳಿಕೊಂಡ. ಮಿಲ್ ಹೆದರಿದ್ದು ರಾಜನಿಗಲ್ಲ, ನೆರೆಹೊರೆಗೆ. ಪೊಲೀಸು, ಸೆರೆಮನೆ ಏನೂ ಇಲ್ಲದೆಯೂ ಸಮಾಜ ಒಬ್ಬನ ಉಸಿರು ಕಟ್ಟಿಸಬಲ್ಲದು, ಅದರಿಂದ ತಪ್ಪಿಸಿಕೊಳ್ಳುವ ದಾರಿಗಳು ಇನ್ನೂ ಕಡಿಮೆ ಎಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಒಂದು ಸೂತ್ರ ಹಾಕಿದ: ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಡೆಯಲು ಮಾತ್ರ ಒಬ್ಬನ ಮೇಲೆ ಬಲ ಪ್ರಯೋಗಿಸಬಹುದು. ಅವನ ಒಳಿತಿಗಾಗಿ ಎಂಬ ನೆವ ಸಾಲದು.

ಮಾತಿನ ಸ್ವಾತಂತ್ರ್ಯದ ಬಗ್ಗೆ ಅವನ ವಾದವನ್ನು ಬಾಯಿಪಾಠ ಮಾಡಬೇಡ, ನಿನ್ನ ಮೇಲೆ ಪ್ರಯೋಗಿಸಿ ನೋಡು. ನೀನು ಬಾಯಿ ಮುಚ್ಚಿಸಬೇಕೆಂದಿರುವ ಮಾತು ನಿಜವಿರಬಹುದು. ಅದು ಸುಳ್ಳೇ ಇದ್ದರೂ ಅದರಲ್ಲಿ ಒಂದು ಚೂರು ನಿಜ ಇರಬಹುದು. ಪೂರ್ತಿ ಸುಳ್ಳೇ ಆಗಿದ್ದರೂ, ಎದುರಾಳಿಯಿಲ್ಲದ ಸತ್ಯ ಕೊನೆಗೆ ಅರ್ಥ ಕಳೆದುಕೊಂಡ ಪಾಠವಾಗುತ್ತದೆ. ತನ್ನ ಪಕ್ಷವನ್ನು ಮಾತ್ರ ಬಲ್ಲವನು ಅದನ್ನೂ ಸರಿಯಾಗಿ ಬಲ್ಲವನಲ್ಲ ಎಂಬುದು ಅವನ ನಿಲುವು. ಹಾಗೆಂದು ಏನು ಬೇಕಾದರೂ ಎಲ್ಲಿ ಬೇಕಾದರೂ ಆಡಬಹುದು ಎಂದು ಅವನು ಹೇಳಲಿಲ್ಲ. ದವಸದ ವ್ಯಾಪಾರಿಗಳು ಬಡವರನ್ನು ಉಪವಾಸ ಕೆಡವುತ್ತಾರೆ ಎಂದು ಪತ್ರಿಕೆಯಲ್ಲಿ ಬರೆದರೆ ತಡೆಯಕೂಡದು. ಅದೇ ಮಾತನ್ನು ವ್ಯಾಪಾರಿಯ ಮನೆಯೆದುರು ನೆರೆದ ರೊಚ್ಚಿಗೆದ್ದ ಗುಂಪಿಗೆ ಹೇಳಿದರೆ ಶಿಕ್ಷೆ ಕೊಡಬಹುದು. ನಿನ್ನ ಫೋನಿಗೆ ಒಂದು ಸಂದೇಶ ಬಂದು, ಅದನ್ನು ಹತ್ತು ಗುಂಪುಗಳಿಗೆ ದಾಟಿಸುವ ಮುನ್ನ ಇದನ್ನು ನೆನೆ. ಇದು ಪತ್ರಿಕೆಗೆ ಬರೆಯುವ ಮಾತೋ, ಯಾರದೋ ಮನೆಬಾಗಿಲಲ್ಲಿ ನಿಂತ ಗುಂಪಿಗೆ ಕೂಗಿ ಹೇಳುವ ಮಾತೋ?

ಇಷ್ಟು ಹೇಳಿದ ಮಿಲ್, ಅದೇ ಪುಸ್ತಕದ ಮೊದಲ ಅಧ್ಯಾಯದಲ್ಲಿ ಒಂದು ಗೆರೆ ಎಳೆದ. ಈ ಸೂತ್ರ ಮಕ್ಕಳಿಗೆ ಅನ್ವಯಿಸುವುದಿಲ್ಲ, ಹಿಂದುಳಿದ ಸ್ಥಿತಿಯಲ್ಲಿರುವ ಸಮಾಜಗಳಿಗೂ ಇಲ್ಲ. ಅವರನ್ನು ಸುಧಾರಿಸುವುದೇ ಗುರಿಯಾದರೆ ನಿರಂಕುಶ ಆಡಳಿತವೂ ನ್ಯಾಯವೇ ಎಂದ. ‘ಅವರು’ ಎಂದರೆ ನಾವು. 1823ರಲ್ಲಿ, ಹದಿನೇಳನೆಯ ವಯಸ್ಸಿಗೆ, ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿ ಸೇರಿದವನು 1858ರವರೆಗೆ ಅಲ್ಲೇ ಇದ್ದ. ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ದೇಶೀ ಸಂಸ್ಥಾನಗಳ ಜೊತೆಗಿನ ಪತ್ರವ್ಯವಹಾರದ ಕರಡು ಬರೆಯುವುದು ಬಹುಕಾಲ ಅವನ ಕೆಲಸವಾಗಿತ್ತು. ಅವನು ಆ ಕಚೇರಿಯಲ್ಲಿದ್ದಾಗಲೇ, 1831ರಲ್ಲಿ, ನಗರ ಸೀಮೆಯ ರೈತರ ದಂಗೆಯನ್ನು ಮುಂದುಮಾಡಿ ಕಂಪನಿ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡಿತು. ಅದು ಒಡೆಯರ ಮನೆತನಕ್ಕೆ ಮರಳಿದ್ದು ಐವತ್ತು ವರ್ಷದ ಮೇಲೆ, 1881ರಲ್ಲಿ.

ಮಿಲ್ ಕಚೇರಿ ಸೇರಿದ ಅದೇ 1823ರಲ್ಲಿ ಕಲ್ಕತ್ತೆಯಲ್ಲಿ ಏನಾಯಿತು ಗೊತ್ತೇ? ಹಂಗಾಮಿ ಗವರ್ನರ್ ಜನರಲ್ ಜಾನ್ ಆ್ಯಡಮ್, ಪರವಾನಗಿ ಇಲ್ಲದೆ ಪತ್ರಿಕೆ ನಡೆಸುವಂತಿಲ್ಲ ಎಂಬ ಕಟ್ಟಳೆ ತಂದ. ರಾಮಮೋಹನ ರಾಯರು ಗೆಳೆಯರ ಜೊತೆ ಸೇರಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಮನವಿ ಕೊಟ್ಟರು. ದೊಡ್ಡ ಸಾಮ್ರಾಜ್ಯವನ್ನು ಆಳುವ ಒಳ್ಳೆಯ ದೊರೆಗೆ ತನ್ನ ತಪ್ಪುಗಳು ತಿಳಿಯಬೇಕು, ಅದಕ್ಕೆ ಮುದ್ರಣ ಸ್ವಾತಂತ್ರ್ಯವೇ ದಾರಿ ಎಂದು ವಾದಿಸಿದರು. ಕೋರ್ಟು ತಳ್ಳಿಹಾಕಿತು. ಇಂಗ್ಲೆಂಡಿನ ದೊರೆಗೆ ಬರೆದರೂ ಫಲವಾಗಲಿಲ್ಲ. ಪರವಾನಗಿ ಬೇಡಿ ಬದುಕುವುದಕ್ಕಿಂತ ಮುಚ್ಚುವುದು ಮೇಲೆಂದು ತಮ್ಮ ಪಾರಸಿ ವಾರಪತ್ರಿಕೆ ‘ಮಿರಾತ್-ಉಲ್-ಅಖ್ಬಾರ್’ ನಿಲ್ಲಿಸಿಬಿಟ್ಟರು. ಮಿಲ್‌ನ ಪುಸ್ತಕಕ್ಕಿಂತ ಮೂವತ್ತಾರು ವರ್ಷ ಮೊದಲು, ಅವನು ಇನ್ನೂ ಅರ್ಹರಲ್ಲ ಎಂದು ಬಗೆದ ಜನರ ನಡುವಿನಿಂದಲೇ ಈ ವಾದ ಎದ್ದಿತ್ತು. ನಿನ್ನ ಪಠ್ಯಪುಸ್ತಕದಲ್ಲಿ ಇವರಿಬ್ಬರೂ ಬೇರೆ ಬೇರೆ ಅಧ್ಯಾಯಗಳಲ್ಲಿದ್ದಾರೆ. ನೀನು ಒಟ್ಟಿಗೆ ಓದು.

ಮಿಲ್‌ಗೆ ಸಲ್ಲಬೇಕಾದದ್ದನ್ನೂ ಸಲ್ಲಿಸು. 1851ರಲ್ಲಿ ಮದುವೆಯಾದಾಗ, ಹೆಂಡತಿಯ ಮೇಲೆ ಕಾನೂನು ತನಗೆ ಕೊಡುವ ಅಧಿಕಾರವನ್ನು ಎಂದೂ ಬಳಸುವುದಿಲ್ಲ ಎಂದು ಬರೆದುಕೊಟ್ಟ. 1867ರಲ್ಲಿ ಪಾರ್ಲಿಮೆಂಟಿನಲ್ಲಿ ಹೆಂಗಸರಿಗೂ ಮತದ ಹಕ್ಕು ಸಿಗುವಂತೆ ತಿದ್ದುಪಡಿ ತಂದ. ಪರವಾಗಿ 73, ವಿರುದ್ಧವಾಗಿ 196 ಮತ ಬಿದ್ದವು. ಸೋಲುತ್ತದೆಂದು ಗೊತ್ತಿದ್ದೂ ತಂದ. ಒಂದು ಗೆರೆಯನ್ನು ಅಳಿಸಲು ಹೊರಟವನಿಗೆ ಇನ್ನೊಂದು ಗೆರೆ ಕಾಣಲಿಲ್ಲ. ದೊಡ್ಡ ಮನಸ್ಸುಗಳಿಗೂ ಹೀಗಾಗುತ್ತದೆ ಎಂಬುದು ನಿನ್ನನ್ನು ಎಚ್ಚರದಲ್ಲಿಡಲಿ. ನಿನ್ನ ಕಾಲದವರಿಗೆ ಕಾಣದೆ ಉಳಿದಿರುವ ಗೆರೆ ಯಾವುದು ಎಂದು ಹುಡುಕು.

ಮಿಲ್‌ಗೆ ಕಾಣದ ಆ ಗೆರೆಯನ್ನು ದಾಟಿದವರು ನಮ್ಮವರು. ದಾದಾಭಾಯಿ ನವರೋಜಿ 1892ರಲ್ಲಿ ಲಂಡನ್ನಿನ ಫಿನ್ಸ್‌ಬರಿಯಿಂದ ಲಿಬರಲ್ ಪಕ್ಷದ ಅಭ್ಯರ್ಥಿಯಾಗಿ ಪಾರ್ಲಿಮೆಂಟಿಗೆ ಗೆದ್ದುಹೋದವರು. ನೀವು ನಮ್ಮನ್ನು ಆಳುತ್ತಿರುವ ರೀತಿ ನಿಮ್ಮದೇ ತತ್ವಕ್ಕೆ ವಿರುದ್ಧ ಎಂಬ ವಾದವನ್ನು ಅವರ 1901ರ ಪುಸ್ತಕದಲ್ಲಿ ಓದಬಹುದು. ಗೋಖಲೆಯವರು 1911ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವತ್ತ ಮಸೂದೆ ತಂದು ಸೋತರು. ಓದು ಬಾರದವನಿಗೆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆಂದು ಅವರಿಗೆ ತಿಳಿದಿತ್ತು. ಅವರ ಹೆಸರಿನಲ್ಲಿ ಡಿ.ವಿ.ಜಿ. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಡಿ.ವಿ.ಜಿ.ಯವರನ್ನು ಕಗ್ಗದ ಕವಿಯಾಗಿ ಮಾತ್ರ ಬಲ್ಲೆಯಾದರೆ ಅವರ ‘ರಾಜ್ಯಶಾಸ್ತ್ರ’ವನ್ನೂ ತೆರೆ. ಪ್ರಜೆ ಎಂದರೆ ಯಾರು, ರಾಜ್ಯಕ್ಕೆ ಅವನು ಏನು ಕೊಡಬೇಕು, ಅದರಿಂದ ಏನು ಕೇಳಬೇಕು ಎಂಬುದನ್ನು ನಮ್ಮ ಮಾತಿನಲ್ಲಿ ಅಷ್ಟು ಶ್ರದ್ಧೆಯಿಂದ ಬರೆದವರು ವಿರಳ.

ಆದರೆ ಎಲ್ಲಕ್ಕಿಂತ ದೂರ ಹೋದವರು ಅಂಬೇಡ್ಕರ್. ನೆರೆಹೊರೆಯ ದಬ್ಬಾಳಿಕೆ ಎಂದು ಮಿಲ್ ಹೇಳಿದಾಗ ಅವನ ಕಣ್ಣಮುಂದೆ ಇದ್ದದ್ದು ಬೇರೆಯವರಂತೆ ಬದುಕಲೊಪ್ಪದ ಒಬ್ಬ ವ್ಯಕ್ತಿ. 1927ರ ಮಾರ್ಚಿನಲ್ಲಿ ಅಂಬೇಡ್ಕರರ ಜೊತೆ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದಕ್ಕೆ ಏಟು ತಿಂದ ಅಸ್ಪೃಶ್ಯರು ವಿಲಕ್ಷಣವಾಗಿ ಬದುಕಲು ಹೊರಟವರಲ್ಲ, ನೀರು ಕುಡಿಯಲು ಹೊರಟವರು. ಆ ಕೆರೆ ಎಲ್ಲರಿಗೂ ಮುಕ್ತ ಎಂದು ಪುರಸಭೆ ಮೊದಲೇ ಠರಾವು ಮಾಡಿತ್ತು. ತಡೆದದ್ದು ಊರು. ಸರ್ಕಾರದ ಕೈ ಕಟ್ಟಿಹಾಕಿದರೆ ಸ್ವಾತಂತ್ರ್ಯ ಬಂತು ಎನ್ನುವವರಿಗೆ ಮಹಾಡದಲ್ಲಿ ಉತ್ತರವಿಲ್ಲ. ಅದಕ್ಕೇ ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳ ಭಾಗದಲ್ಲಿ ರಾಜ್ಯಕ್ಕೆ ಹಾಕಿದ ಲಗಾಮಿನ ಪಕ್ಕದಲ್ಲೇ ಸಮಾಜಕ್ಕೂ ಲಗಾಮು ಇದೆ. 15ನೆಯ ವಿಧಿಯ ಎರಡನೆಯ ಖಂಡ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರಿಟ್ಟು ಹೇಳುತ್ತದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕುತ್ತದೆ. ಜಗತ್ತಿನ ಉದಾರವಾದಕ್ಕೆ ಭಾರತ ಕೊಟ್ಟ ದೊಡ್ಡ ಕೊಡುಗೆ ಇದು ಎಂದು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಆಡಿದ ಕೊನೆಯ ದೊಡ್ಡ ಭಾಷಣದಲ್ಲಿ ಮಿಲ್ ಮತ್ತೆ ಬರುತ್ತಾನೆ. ಎಷ್ಟೇ ದೊಡ್ಡ ಮನುಷ್ಯನಾದರೂ ಅವನ ಪಾದದಡಿ ನಿಮ್ಮ ಸ್ವಾತಂತ್ರ್ಯಗಳನ್ನು ಇಡಬೇಡಿ ಎಂಬ ಮಿಲ್‌ನ ಎಚ್ಚರಿಕೆಯನ್ನು ಅವರು ಸಭೆಗೆ ನೆನಪಿಸಿದರು. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾಗಬಹುದು, ರಾಜಕಾರಣದಲ್ಲಿ ಅದು ಸರ್ವಾಧಿಕಾರಕ್ಕೆ ದಾರಿ ಎಂದರು. ಸ್ವಾತಂತ್ರ್ಯಕ್ಕೆ ಅರ್ಹರಲ್ಲ ಎಂದು ಮಿಲ್ ಬಗೆದ ದೇಶದಲ್ಲಿ, ಆ ದೇಶದವರೇ ಗೆರೆಯಾಚೆ ತಳ್ಳಿದ್ದ ಜಾತಿಯಲ್ಲಿ ಹುಟ್ಟಿದವರು ಮಿಲ್‌ನ ಮಾತನ್ನು ಅದರ ಪೂರ್ತಿ ಅರ್ಥದಲ್ಲಿ ಹಿಡಿದು ನಿಂತರು.

ಇಪ್ಪತ್ತನೆಯ ಶತಮಾನದ ಪಶ್ಚಿಮದ ಚಿಂತಕರನ್ನು ಬೇಗ ದಾಟುತ್ತೇನೆ, ಅವರ ಮೇಲೆ ನಿನಗೆ ಬೇಕಾದಷ್ಟು ಪುಸ್ತಕ ಸಿಗುತ್ತವೆ. ಹೊಟ್ಟೆಗಿಲ್ಲದವನಿಗೆ ಸ್ವಾತಂತ್ರ್ಯ ಎಂದರೇನು ಎಂದು ಹಾಬ್‌ಹೌಸ್ 1911ರಲ್ಲೇ ಕೇಳತೊಡಗಿದ್ದ. ಆ ದಾರಿಯಲ್ಲಿ ಬಹಳ ದೂರ ಹೋದರೆ ಸರ್ಕಾರವೇ ಎಲ್ಲವೂ ಆಗುತ್ತದೆ ಎಂದು ಹಾಯೆಕ್ 1944ರಲ್ಲಿ ಎಚ್ಚರಿಸಿದ. ಈ ಜಗಳ ಇನ್ನೂ ಮುಗಿದಿಲ್ಲ. ನನ್ನ ಮನಸ್ಸು ಹಾಬ್‌ಹೌಸ್ ಕಡೆಗೆ ವಾಲುತ್ತದೆ, ಆದರೂ ಹಾಯೆಕ್‌ನನ್ನು ಓದದೆ ನೀನು ಪಕ್ಷ ಹಿಡಿಯಕೂಡದು. ಐಸಾಯ ಬರ್ಲಿನ್ ಮತ್ತು ಜೂಡಿತ್ ಶ್ಕ್‌ಲಾರ್ ಇಬ್ಬರೂ ಲಾಟ್ವಿಯಾದ ರೀಗಾ ನಗರದ ಯಹೂದಿ ಮನೆಗಳಲ್ಲಿ ಹುಟ್ಟಿ ದೇಶ ಬಿಟ್ಟವರು. ಕ್ರೌರ್ಯಕ್ಕಿಂತ ದೊಡ್ಡ ಕೇಡಿಲ್ಲ, ರಾಜಕಾರಣದ ಮೊದಲ ಕೆಲಸ ದುರ್ಬಲರನ್ನು ಭಯದಿಂದ ಕಾಯುವುದು ಎಂದು ಶ್ಕ್‌ಲಾರ್ ಹೇಳಿದಾಗ ಅದರ ಹಿಂದೆ ಬಾಲ್ಯದ ಓಟವಿದೆ.

ರಾಲ್ಸ್‌ನ 1971ರ ‘ನ್ಯಾಯದ ಒಂದು ಸಿದ್ಧಾಂತ’ದಿಂದ ಒಂದು ಅಭ್ಯಾಸ ಮಾತ್ರ ತೆಗೆದುಕೋ. ಸಮಾಜದ ನಿಯಮಗಳನ್ನು ನೀನೇ ಬರೆಯಬೇಕು, ಆದರೆ ಅದರಲ್ಲಿ ನಿನ್ನ ಜಾಗ ಯಾವುದೆಂದು ನಿನಗೆ ಗೊತ್ತಿಲ್ಲ ಎಂದುಕೋ. ಹೆಣ್ಣೋ ಗಂಡೋ, ಯಾವ ಕೇರಿಯ ಮನೆ, ಯಾವ ದೇವರು, ಕಣ್ಣು ಕಾಣುತ್ತದೋ ಇಲ್ಲವೋ, ಏನೂ ತಿಳಿಯದು. ಆಗ ಯಾವ ನಿಯಮ ಬರೆಯುತ್ತೀ? ಹಾಸ್ಟೆಲಿನ ಊಟದ ವ್ಯವಸ್ಥೆಯಿಂದ ಹಿಡಿದು ಮೀಸಲಾತಿಯ ಚರ್ಚೆಯವರೆಗೆ ಈ ಅಭ್ಯಾಸ ಮಾಡು. ಗೆರೆ ಎಳೆಯುವವನೇ ಗೆರೆಯ ಯಾವ ಬದಿಯಲ್ಲಿ ಬೀಳುತ್ತೇನೆಂದು ತಿಳಿಯದೆ ಇದ್ದಾಗ ಅವನ ಕೈ ತಾನಾಗಿ ನಿಧಾನವಾಗುತ್ತದೆ.

ಇನ್ನೊಂದು ವಿಷಯ, ಮಾತಿನ ಸ್ವಾತಂತ್ರ್ಯದ್ದೇ. 1950ರ ಮೇ 26ರಂದು ನಮ್ಮ ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. ಒಂದು, ಎಡಪಂಥೀಯ ಪತ್ರಿಕೆ ‘ಕ್ರಾಸ್‌ರೋಡ್ಸ್’ ಮದ್ರಾಸಿನೊಳಗೆ ಬರಬಾರದೆಂಬ ಅಲ್ಲಿನ ಸರ್ಕಾರದ ನಿಷೇಧವನ್ನು ರದ್ದು ಮಾಡಿತು. ಇನ್ನೊಂದು, ಆರೆಸ್ಸೆಸ್ ಒಲವಿನ ‘ಆರ್ಗನೈಸರ್’ ಪತ್ರಿಕೆ ಅಚ್ಚಿಗೆ ಮೊದಲೇ ಬರಹಗಳನ್ನು ತೋರಿಸಬೇಕೆಂಬ ದಿಲ್ಲಿ ಆಡಳಿತದ ಆಜ್ಞೆಯನ್ನು ಹೊಡೆದುಹಾಕಿತು. ಒಂದೇ ದಿನ, ಒಂದೇ ತತ್ವ, ಎರಡು ಬದ್ಧವಿರೋಧಿ ಪತ್ರಿಕೆಗಳು. ಮರುವರ್ಷವೇ ಮೊದಲ ತಿದ್ದುಪಡಿ ತಂದು 19ನೆಯ ವಿಧಿಯಡಿಯ ನಿರ್ಬಂಧಗಳನ್ನು ಹಿಗ್ಗಿಸಿದರು. ತಂದವರು ವಾಕ್ ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ಜೈಲು ಕಂಡಿದ್ದ ನಮ್ಮ ಹಿರಿಯರೇ. ಆ ಎರಡು ತೀರ್ಪುಗಳನ್ನು ಓದು. ಆ ಎರಡು ಪತ್ರಿಕೆಗಳಲ್ಲಿ ಯಾವುದರ ಹೆಸರು ಕೇಳಿದರೆ ನಿನಗೆ ಮೈ ಉರಿಯುತ್ತದೋ, ಅದರ ಪರವಾಗಿ ಒಂದು ಪುಟ ಬರೆ.

ಓದನ್ನು ಎಲ್ಲಿಂದ ಶುರುಮಾಡಬೇಕೆಂದು ನೀನು ಕೇಳಿದ್ದೆ. ಮಿಲ್‌ನ ಪುಸ್ತಕದ ಎರಡನೆಯ ಅಧ್ಯಾಯದಿಂದ ಶುರುಮಾಡು, ಅದು ಮೊದಲನೆಯದಕ್ಕಿಂತ ಸುಲಭ. ಅದೇ ವಾರ ಅಂಬೇಡ್ಕರರ ಭಾಷಣವನ್ನೂ ಓದು, ಸಂವಿಧಾನ ಸಭೆಯ ನಡಾವಳಿಯ ಹನ್ನೊಂದನೆಯ ಸಂಪುಟದಲ್ಲಿದೆ. ಆಮೇಲೆ ಲಾಕ್‌ನ ಸಹಿಷ್ಣುತೆಯ ಪತ್ರ, ಅದಕ್ಕೆ ಬೆನ್ನಿಗೆ ವುಲ್‌ಸ್ಟನ್‌ಕ್ರಾಫ್ಟ್. ಇವರನ್ನೆಲ್ಲ ಒಪ್ಪದವರನ್ನೂ ಬಿಡಬೇಡ. ಹಕ್ಕುಗಳ ಈ ಮಾತು ಮನುಷ್ಯನನ್ನು ಮನುಷ್ಯನಿಂದ ಬೇರ್ಪಡಿಸುತ್ತದೆ ಎಂದ ಮಾರ್ಕ್ಸ್‌ನನ್ನು ಓದು, 1909ರ ‘ಹಿಂದ್ ಸ್ವರಾಜ್’ನಲ್ಲಿ ಪಾರ್ಲಿಮೆಂಟನ್ನೇ ತಿರಸ್ಕರಿಸಿದ ಗಾಂಧಿಯನ್ನು ಓದು. ಗೈಡುಗಳನ್ನು ಪರೀಕ್ಷೆಯ ಹಿಂದಿನ ವಾರಕ್ಕೆ ಇಟ್ಟುಕೋ. ಬೆಂಗಳೂರಿಗೆ ಹೋದಾಗ ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಂಸ್ಥೆಯ ಗ್ರಂಥಾಲಯಕ್ಕೆ ಹೋಗು, ಜೊತೆಗೆ ನಿನ್ನ ಮಾತನ್ನು ಒಪ್ಪದ ಒಬ್ಬ ಗೆಳತಿಯನ್ನೋ ಗೆಳೆಯನನ್ನೋ ಕರೆದುಕೊಂಡು ಹೋಗು.